ಅಣ್ಣನ ದೇಶ, ತಮ್ಮನ ದೇಶ

ಆಸ್ಟ್ರೇಲಿಯಾದ ವೀಸಾ ಕಾನೂನಿಗೆ ನಾನೊಮ್ಮೆ ತಿದ್ದುಪಡಿ ಮಾಡಿದ್ದೇನೆ. ಸಂಸತ್ತನ್ನು ಕೇಳಲಿಲ್ಲ, ಮಂತ್ರಿಯ ಸಹಿ ಬೇಕೆನಿಸಲಿಲ್ಲ. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಒಂದು ಪುಟ್ಟ ಟ್ರಾವೆಲ್ ಏಜೆನ್ಸಿಯ ಹಿಂದಿನ ಕೋಣೆಯಲ್ಲಿ, ಎಡಗೈಯಲ್ಲಿ ಮೊಸರನ್ನದ ಡಬ್ಬಿ ಹಿಡಿದು ಬಲಗೈಯ ಒಂದೇ ಬೆರಳಿನಿಂದ ಟೈಪ್ ಮಾಡಿ ಮುಗಿಸಿದೆ. ಆ ತಿದ್ದುಪಡಿಯ ದೆಸೆಯಿಂದ ಏನೂ ಅರಿಯದ ಒಬ್ಬ ಮುದುಕಿ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಆ ದಿನ ಹೆದರಿದಷ್ಟು ನಾನು ಮತ್ತೆಂದೂ ಹೆದರಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ನಾನು ತುಮಕೂರಿನಿಂದ ಅಕೌಂಟಿಂಗ್ ಓದಲು ಬಂದಿದ್ದೆ. ಅಕೌಂಟಿಂಗ್ ಮೇಲಿನ ಮೋಹದಿಂದಲ್ಲ; ಅದನ್ನು ಓದಿದರೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಗುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಕ್ಷೌರ ಕಲಿತರೂ ಸಿಗುತ್ತಿತ್ತು. ಆದರೆ ನನ್ನ ಕೈಗೆ ಕತ್ತರಿ ಕೊಟ್ಟಿದ್ದರೆ ವಿಕ್ಟೋರಿಯಾ ರಾಜ್ಯದಲ್ಲಿ ಕಿವಿಯಿದ್ದವರ ಸಂಖ್ಯೆ ಇಳಿದುಹೋಗುತ್ತಿತ್ತು. ಹಾಗಾಗಿ ವಾರದ ನಾಲ್ಕು ದಿನ ಕಾಲೇಜು, ಉಳಿದ ದಿನ ಈ ಏಜೆನ್ಸಿ.

ಏಜೆನ್ಸಿಯ ಮಾಲೀಕರು ಧಾರವಾಡದವರು. ನಾನು ಅಂಕಲ್ ಎನ್ನುತ್ತಿದ್ದೆ. ಟಿಕೆಟ್ ವ್ಯವಹಾರದಲ್ಲಿ ಪಳಗಿದ ಮನುಷ್ಯ, ಆದರೆ ಕಂಪ್ಯೂಟರಿನ ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಹಿಡಿದು ಮೇಜಿನ ಮೇಲೆ ಉಜ್ಜುತ್ತಿದ್ದರು. ಟೈಪಿಂಗ್ ಎಂದರೆ ನಾನೇ. ಅವರ ಕುರ್ಚಿಯ ಹಿಂದೆ ಗೋಡೆಗೆ ಒಂದು ಹಳದಿ ಕಾರ್ಡು ಅಂಟಿಸಿತ್ತು. ಬೇರೆ ದೇಶಕ್ಕೆ ಹೋಗುವವರು ದಾರಿಯಲ್ಲಿ ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಇಳಿದು, ಕೆಲವೇ ಗಂಟೆಗಳಲ್ಲಿ ಇನ್ನೊಂದು ವಿಮಾನ ಹತ್ತುವುದಾದರೆ ಅದಕ್ಕೂ ಒಂದು ವೀಸಾ ಬೇಕು. ಅದೇ ಟ್ರಾನ್ಸಿಟ್ ವೀಸಾ. ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ಅದರಿಂದ ವಿನಾಯಿತಿ. ಆ ಪುಣ್ಯವಂತ ದೇಶಗಳ ಹೆಸರುಗಳು ಆ ಕಾರ್ಡಿನಲ್ಲಿದ್ದವು.

ಕಾರ್ಡು ಹಳೆಯದು. ಅದರಲ್ಲಿದ್ದ ಕೆಲವು ದೇಶಗಳು ಅಷ್ಟರಲ್ಲಿ ಹೆಸರು ಬದಲಿಸಿಕೊಂಡಿದ್ದವು. ಒಂದು ದಿನ ವಲಸೆ ಇಲಾಖೆಯಿಂದ ಫ್ಯಾಕ್ಸ್ ಬಂತು: ಸರ್ಕಾರ ತನ್ನ ಕಾನೂನಿನಲ್ಲಿದ್ದ ಹಳೆಯ ಹೆಸರುಗಳನ್ನು ತೆಗೆದು ಹೊಸ ಹೆಸರು ಹಾಕಿದೆ, ಇಂಥದ್ದರ ಬದಲು ಇಂಥದ್ದು ಎಂದು ಓದಿಕೊಳ್ಳಿ. ಅಂಕಲ್ ಹಾಳೆಯನ್ನು ನನ್ನ ಕಡೆ ತಳ್ಳಿದರು.

"ತಮ್ಮಾ, ಇದನ್ನ ನೋಡ್ಕೊಂಡು ಹೊಸಾ ಕಾರ್ಡ್ ಮಾಡಪಾ. ಇದ್ದದ್ದು ಇದ್ದಂಗ ಹೊಡಿ, ಶಾಣ್ಯಾತನ ಮಾಡಬ್ಯಾಡ."

ಜಾಣತನ ಮಾಡಬೇಡ ಎಂದು ಯಾರಾದರೂ ಹೇಳಿದರೆ ನನಗೆ ಅದು ಆಹ್ವಾನದಂತೆ ಕೇಳಿಸುತ್ತದೆ. ನಾನು ಹೈಸ್ಕೂಲಿನಲ್ಲಿ ಸಾಮಾನ್ಯ ಜ್ಞಾನದ ಚಾಂಪಿಯನ್. ದೇಶ, ರಾಜಧಾನಿ, ನಾಣ್ಯ ಈ ಮೂರನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬಹುಮಾನವಾಗಿ ಮುಚ್ಚಳ ಸರಿಯಾಗಿ ಕೂರದ ಒಂದು ಸ್ಟೀಲ್ ಡಬ್ಬಿಯನ್ನೂ ಗೆದ್ದಿದ್ದೆ. ಅಂಥವನ ಕೈಗೆ ಸರ್ಕಾರ ಪಟ್ಟಿ ಕೊಟ್ಟರೆ ಅವನು ಬರೀ ನಕಲು ಮಾಡುತ್ತಾನೆಯೇ? ಫ್ಯಾಕ್ಸಿನಲ್ಲಿ ಒಂದು ಕಡೆ ಬೆರಳು ನಿಂತಿತು. ಯುರೋಪಿನ ಒಂದು ದೇಶ ಎರಡು ಹೋಳಾಗಿತ್ತು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ಹೆಸರು ಕೇಳಿದರೆ ಈಗಲೂ ನನ್ನ ಬಲಗಣ್ಣು ಅದುರುತ್ತದೆ. ದೊಡ್ಡ ಹೋಳನ್ನು ಅಣ್ಣನ ದೇಶ, ಚಿಕ್ಕದನ್ನು ತಮ್ಮನ ದೇಶ ಎಂದುಕೊಳ್ಳಿ. ಹಳೆಯ ಕಾರ್ಡಿನಲ್ಲಿ ಇಬ್ಬರೂ ಒಟ್ಟಿಗಿದ್ದಾಗಿನ ಹೆಸರಿತ್ತು. ಹೊಸ ಫ್ಯಾಕ್ಸಿನಲ್ಲಿ ಅದರ ಬದಲು ಅಣ್ಣನ ಹೆಸರೊಂದೇ ಇತ್ತು.

ಪಾಪ, ಯಾರೋ ಗುಮಾಸ್ತ ತಮ್ಮನನ್ನು ಮರೆತಿದ್ದಾನೆ ಎಂದುಕೊಂಡೆ.

ನಮ್ಮ ತುಮಕೂರಿನ ಮನೆಯಲ್ಲಿ ದೊಡ್ಡಪ್ಪನಿಗೂ ಅಪ್ಪನಿಗೂ ಪಾಲಾದಾಗ ಅಂಗಳದ ನಡುವೆ ಗೋಡೆ ಎದ್ದಿತು. ನಲ್ಲಿ ದೊಡ್ಡಪ್ಪನ ಕಡೆಗೆ ಹೋಯಿತು. ಪಾಲುಪತ್ರದಲ್ಲಿ ನಲ್ಲಿಯ ಮಾತೇ ಇರಲಿಲ್ಲ. ಆದರೂ ನೀರು ಬಂದ ಬೆಳಿಗ್ಗೆ ನಮ್ಮಮ್ಮ ಕೊಡ ತೆಗೆದುಕೊಂಡು ಹೋಗುತ್ತಿದ್ದಳು, ದೊಡ್ಡಮ್ಮ ಪಕ್ಕಕ್ಕೆ ಸರಿಯುತ್ತಿದ್ದಳು. ಒಟ್ಟಿಗಿದ್ದಾಗ ಇದ್ದ ಹಕ್ಕು ಪಾಲಾದ ಮೇಲೆ ಎಲ್ಲಿಗೆ ಹೋಗುತ್ತದೆ? ನನ್ನ ಪಾಲಿಗೆ ಇದು ನ್ಯಾಯಶಾಸ್ತ್ರ. ಅಣ್ಣನ ಕೆಳಗೆ ತಮ್ಮನ ದೇಶವನ್ನೂ ಟೈಪ್ ಮಾಡಿದೆ. ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿದೆ. ಗೋಡೆಗೆ ಅಂಟಿಸಿ, ದೂರ ನಿಂತು, ತಲೆ ಓರೆ ಮಾಡಿ ನೋಡಿ ಸಂತೋಷಪಟ್ಟೆ.

ನಮ್ಮ ಪಕ್ಕದ ಅಂಗಡಿ ಒಬ್ಬ ಟೈಲರಮ್ಮನದು. ನಲವತ್ತು ದಾಟಿದ ಹೆಂಗಸು, ಬಾಯಲ್ಲಿ ಸದಾ ಗುಂಡುಸೂಜಿ. ನನ್ನ ಒಂದೇ ಒಂದು ಇಂಟರ್‌ವ್ಯೂ ಪ್ಯಾಂಟನ್ನು ಎರಡು ಸಲ ಬಿಗಿ ಮಾಡಿ, ಮೂರು ಸಲ ಸಡಿಲ ಮಾಡಿಕೊಟ್ಟವರು. ಅವರ ಊರು ಯಾವುದು ಎಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ದಿನ ಅವರು ತಾಯಿಯ ಪಾಸ್‌ಪೋರ್ಟಿನ ನಕಲು ಹಿಡಿದು ಬಂದರು. ತಾಯಿ ಊರಿನಲ್ಲಿದ್ದರು, ಸಕ್ಕರೆ ಕಾಯಿಲೆಯವರು, ಜೀವನದಲ್ಲಿ ವಿಮಾನ ಹತ್ತಿದವರಲ್ಲ. ಅವರ ಕಿರಿಯ ಮಗಳು, ಅಂದರೆ ಟೈಲರಮ್ಮನ ತಂಗಿ, ನ್ಯೂಜಿಲೆಂಡಿನಲ್ಲಿ ತುಂಬು ಗರ್ಭಿಣಿ. ಗಂಡ ಮೀನಿನ ಹಡಗಿನ ಮೇಲೆ ಕೆಲಸ ಮಾಡುವವನು, ಹೆರಿಗೆಯ ಹೊತ್ತಿಗೆ ದಡಕ್ಕೆ ಬರುವ ಭರವಸೆ ಇರಲಿಲ್ಲ. ವರ್ಷಗಟ್ಟಲೆ ಒಲ್ಲೆ ಎಂದಿದ್ದ ತಾಯಿ ಈಗ ಹೊರಡಲು ಒಪ್ಪಿದ್ದರು. ದಾರಿ ಸಿಡ್ನಿಯ ಮೇಲೆ. ಸಿಡ್ನಿಯಲ್ಲಿ ಕೆಲವು ಗಂಟೆ ಕಾಯಬೇಕು.

"ಸಿಡ್ನಿಗೆ ವೀಸಾ ಬೇಕಾ?" ಎಂದು ಟೈಲರಮ್ಮ ಕೇಳಿದರು.

ನಾನು ಪಾಸ್‌ಪೋರ್ಟ್ ನೋಡಿದೆ. ತಮ್ಮನ ದೇಶ! ಕಾರ್ಡಿನ ಕಡೆ ಬೆರಳು ತೋರಿಸಿದೆ. "ನೋಡಿ, ಇಲ್ಲೇ ಇದೆ. ಬೇಡ."

ಒಳಗಿನಿಂದ ಅಂಕಲ್ ಕೂಗಿದರು: "ಖಾತ್ರಿ ಏನೋ?"

"ಖಾತ್ರಿ ಅಂಕಲ್. ಕಾರ್ಡಲ್ಲೇ ಇದೆ."

ನಾನೇ ಬರೆದದ್ದನ್ನು ನಾನೇ ಸಾಕ್ಷಿಯಾಗಿ ತೋರಿಸಿದೆ. ಅದರಲ್ಲಿ ತಪ್ಪೇನಾದರೂ ಇದೆಯೆಂದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮುದುಕಿ ಊರು ಬಿಟ್ಟ ಮರುದಿನ ಸಂಜೆ, ಏರ್‌ಲೈನಿನ ಒಬ್ಬ ಪ್ರತಿನಿಧಿ ನಮ್ಮ ಆಫೀಸಿಗೆ ಬಂದ. ಆಗಾಗ ಬಂದು ಪೆನ್ನು, ಕ್ಯಾಲೆಂಡರ್ ಕೊಟ್ಟು ಹೋಗುವ ನಗುಮುಖದ ಮನುಷ್ಯ. ಕಾಫಿ ಹೀರುತ್ತಾ ನನ್ನ ಕಾರ್ಡನ್ನು ಓದಿದ. ಹೊಗಳುತ್ತಾನೆಂದು ಕಾದೆ.

"ಇದು ಯಾಕೆ ಇಲ್ಲಿದೆ?" ಎಂದು ತಮ್ಮನ ದೇಶದ ಮೇಲೆ ಬೆರಳಿಟ್ಟ. "ಇದು ಲಿಸ್ಟಲ್ಲಿ ಇಲ್ವಲ್ಲ. ಬೇಕು ಅಂತಲೇ ಬಿಟ್ಟಿದ್ದಾರೆ. ಅವರಿಗೆ ವೀಸಾ ಬೇಕು."

ಅವನು ಹೋದ ಮೇಲೂ ನಾನು ನಿಂತಲ್ಲೇ ನಿಂತಿದ್ದೆ. ಅಂಕಲ್ ಕಾರ್ಡನ್ನೂ ಫ್ಯಾಕ್ಸನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಮೂಗಿನ ಮೇಲಿನ ಕನ್ನಡಕ ತೆಗೆದರು.

"ಈ ಹೆಸರು ಎಲ್ಲಿಂದ ಬಂತೋ?"

"ನಾನೇ ಹಾಕ್ದೆ ಅಂಕಲ್."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಪಾಲಾಗಿತ್ತಲ್ಲ... ಇಬ್ರಿಗೂ ಇರುತ್ತೆ ಅಂದ್ಕೊಂಡೆ."

ಅಂಕಲ್ ಏರ್‌ಲೈನಿಗೆ ಫೋನ್ ಮಾಡಿದರು. ಹೊರಟ ಊರಿನಲ್ಲಿ ಚೆಕ್-ಇನ್ ಮಾಡಿದವರು ಯಾರೋ ನನ್ನ ಜಾತಿಯವರೇ ಇರಬೇಕು, ನೋಡದೆ ಬಿಟ್ಟುಬಿಟ್ಟಿದ್ದರು. ಮುದುಕಿ ವಿಮಾನದಲ್ಲಿದ್ದರು. ಮರುದಿನ ಬೆಳಿಗ್ಗೆ ಸಿಡ್ನಿಯಲ್ಲಿ ಇಳಿಯುತ್ತಾರೆ. ವಲಸೆ ಇಲಾಖೆಯ ಆಫೀಸು ಅಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು. ಅಂಕಲ್ ಒಂದು ಫ್ಯಾಕ್ಸ್ ಕಳಿಸಿದರು, ಅಷ್ಟೇ.

"ವೀಸಾ ಇಲ್ದಿದ್ರ ಅಕಿನ್ನ ಹೊಳ್ಳಿ ಕಳಸ್ತಾರ," ಎಂದರು. "ಸಕ್ಕರಿ ರೋಗದ ಮುದುಕಿ. ಇಂಗ್ಲಿಷ್ ಬರೂದಿಲ್ಲ. ಮತ್ತೊಮ್ಮೆ ವಿಮಾನ ಹತ್ತತಾಳೇನು? ಮಗಳ ಹೆರಗಿಗೆ ಹೋಗೂದು ಅಲ್ಲಿಗೇ ಮುಗೀತು."

ನಾನು ತಲೆಯಾಡಿಸಿದೆ. ಆದರೆ ನನ್ನ ತಲೆಯೊಳಗೆ ಓಡುತ್ತಿದ್ದ ಸಿನಿಮಾವೇ ಬೇರೆ. ಅದರಲ್ಲಿ ನನ್ನ ಎರಡೂ ಕೈಗೆ ಬೇಡಿ, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅಪ್ಪ, ಅವನ ಹಿಂದೆ ದೊಡ್ಡಪ್ಪ, ದೊಡ್ಡಪ್ಪನ ಹಿಂದೆ ಇಡೀ ತುಮಕೂರು.

ಮರುದಿನ ಬೆಳಗಿನ ಮೊದಲ ವಿಮಾನಕ್ಕೆ ಅಂಕಲ್ ಎರಡು ಟಿಕೆಟ್ ಮಾಡಿದರು, ಒಂದು ಟೈಲರಮ್ಮನಿಗೆ, ಇನ್ನೊಂದು ನನಗೆ. ತಾವು ಆಫೀಸಿನಲ್ಲೇ ಕೂತು ಇಲಾಖೆಗೆ ಫೋನ್ ಹಚ್ಚುವುದೆಂದು ತೀರ್ಮಾನವಾಯಿತು. "ಯಾರ ಸಲಹೆ ಅಂತ ಕೇಳಿದ್ರ ಖರೇ ಹೇಳು," ಎಂದರು. "ಸುಳ್ಳು ಹೇಳಿದಿ ಅಂದ್ರ ನಾನಽ ನಿನ್ನ ಡಿಪೋರ್ಟ್ ಮಾಡ್ತೀನಿ."

ಟೈಲರಮ್ಮನಿಗೆ ಪೇಪರಿನಲ್ಲಿ ಏನೋ ತೊಂದರೆಯಾಗಿದೆ ಎಂದಷ್ಟೇ ಗೊತ್ತಿತ್ತು. ವಿಮಾನದಲ್ಲಿ ನನ್ನ ಪಕ್ಕದಲ್ಲಿ ಕೂತರು. ಅವತ್ತು ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಎಂಬಂತೆ ಕಂಡಿತು. ನಾನು ಬೆಳಿಗ್ಗೆ ಏನೂ ತಿಂದಿಲ್ಲವೆಂದು ಊಹಿಸಿ ಚೀಲದಿಂದ ಬ್ರೆಡ್ಡು ತೆಗೆದು ಕೊಟ್ಟರು.

"ನಿನಗೆ ಕಾಲೇಜು ಇಲ್ವಾ ಇವತ್ತು?"

"ಇದೆ. ಪರವಾಗಿಲ್ಲ."

"ನೀನು ಒಳ್ಳೆ ಹುಡುಗ," ಎಂದರು. ಬ್ರೆಡ್ಡು ಗಂಟಲಲ್ಲಿ ನಿಂತಿತು. ಕೆಮ್ಮಿದೆ. ಅವರು ಬೆನ್ನು ತಟ್ಟಿದರು. ಇನ್ನೂ ಕೆಮ್ಮಿದೆ.

"ಹೇಗಾಯ್ತು ಈ ತಪ್ಪು?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಸರ್ಕಾರದವರು ದೇಶಗಳ ಹೆಸರು ಚೇಂಜ್ ಮಾಡಿದ್ರು," ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಕಿಟಕಿಯ ಕಡೆ ತಿರುಗಿ, ಮೋಡದಲ್ಲಿ ಬಹಳ ಆಸಕ್ತಿ ಇರುವವನಂತೆ ಕೂತೆ.

ಸಿಡ್ನಿಯಲ್ಲಿ ಇಳಿದು ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಓಡಿದೆವು. ಮುದುಕಿಯ ವಿಮಾನ ಆಗಲೇ ಬಂದಿತ್ತು. ಅವರು ಇದ್ದದ್ದು ಗೋಡೆಯ ಆ ಕಡೆ, ನಾವು ಹೋಗುವಂತಿಲ್ಲದ ಜಾಗದಲ್ಲಿ. ವಿಚಾರಣೆಯ ಕಿಟಕಿಯಲ್ಲಿದ್ದ ಹುಡುಗ ಫೋನಿನಲ್ಲಿ ಮಾತಾಡಿ, "ಆ ಪ್ಯಾಸೆಂಜರನ್ನು ಇಮಿಗ್ರೇಷನ್‌ನವರು ಮಾತಾಡಿಸ್ತಿದ್ದಾರೆ, ಕೂತ್ಕೊಳ್ಳಿ," ಎಂದ. ನ್ಯೂಜಿಲೆಂಡ್ ವಿಮಾನ ಹೊರಡುವ ಹೊತ್ತು ಎದುರಿನ ಬೋರ್ಡಿನಲ್ಲಿ ಕಾಣುತ್ತಿತ್ತು. ಟೈಲರಮ್ಮ ಅದನ್ನೇ ನೋಡುತ್ತಾ ಕೂತರು.

ನಾನು ಕೂರಲಿಲ್ಲ. ಕಂಬದ ಮರೆಗೆ ಹೋಗಿ ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ಇಲ್ಲಿ ಪೊಲೀಸ್ ಜಾಸ್ತಿ ಇದಾರೆ."

"ಏರ್‌ಪೋರ್ಟ್ ಅಲ್ಲೇನೋ ಅದು? ಇರ್ತಾರ. ಫೋನ್ ಇಡು."

ಎರಡು ಮಾರು ನಡೆದು ಮತ್ತೆ ಮಾಡಿದೆ. "ಅಂಕಲ್, ಇದು ನನ್ ಪಿಆರ್ ಫೈಲಿಗೆ ಹೋಗುತ್ತಾ?"

"ಅಪ್ಲೈ ಮಾಡೀ ಏನು?"

"ಇಲ್ಲ, ಇನ್ನೂ ಮಾಡಿಲ್ಲ."

"ಮತ್ಯಾವ ಫೈಲ್‌ಗೆ ಹೋಗಬೇಕು? ಇಡೋ ಮಂಗ್ಯಾ!"

ಇಟ್ಟೆ. ಹತ್ತಿರದಲ್ಲೇ ಒಬ್ಬ ನಾಯಿ ಹಿಡಿದುಕೊಂಡು ಹೋದ. ಮೂಸುವ ನಾಯಿ. ಅದು ನನ್ನ ಬೂಟಿನ ಬಳಿ ಒಂದು ಕ್ಷಣ ನಿಂತಿತು. ಅಪರಾಧಕ್ಕೂ ವಾಸನೆ ಇರುತ್ತದೆಂದು ನನಗೆ ಖಾತ್ರಿಯಾಯಿತು. ಮತ್ತೆ ಫೋನ್.

"ಅಂಕಲ್, ಡಿಪೋರ್ಟ್ ಮಾಡೋವಾಗ ಲಗೇಜ್ ಎಷ್ಟು ಕೆಜಿ ಬಿಡ್ತಾರೆ?"

ಆ ಕಡೆ ಲೈನ್ ಕಟ್ಟಾಯಿತು.

ಕೊನೆಗೆ ಪಕ್ಕದ ಬಾಗಿಲು ತೆರೆಯಿತು. ಕುತ್ತಿಗೆಗೆ ದಾರದಲ್ಲಿ ಕನ್ನಡಕ ನೇತುಹಾಕಿಕೊಂಡಿದ್ದ, ನಡುವಯಸ್ಸಿನ ಒಬ್ಬ ಅಧಿಕಾರಿಣಿ ಬಂದರು. ಟೈಲರಮ್ಮನ ಗುರುತಿನ ಚೀಟಿ ನೋಡಿದರು. ತಾಯಿಯೊಂದಿಗೆ ಫೋನಿನ ಮೂಲಕ ದುಭಾಷಿಯನ್ನಿಟ್ಟುಕೊಂಡು ಮಾತಾಡುತ್ತಿದ್ದೇವೆ, ಅವರು ತುಂಬ ಗಾಬರಿಯಾಗಿದ್ದಾರೆ ಎಂದರು. ಆಮೇಲೆ ಕೇಳಿದರು:

"ವೀಸಾ ಬೇಡ ಅಂತ ಇವರಿಗೆ ಹೇಳಿದ್ದು ಯಾರು?"

ಟೈಲರಮ್ಮ ನನ್ನನ್ನು ನೋಡಿದರು, ನನ್ನ ಏಜೆನ್ಸಿಯ ಹೆಸರು ನಾನೇ ಹೇಳಲಿ ಎಂಬಂತೆ. ಅಧಿಕಾರಿಣಿಯೂ ನನ್ನ ಕಡೆ ತಿರುಗಿದರು. ನನ್ನ ಬಲಗೈ, ನನ್ನನ್ನು ಕೇಳದೆಯೇ, ಶಾಲೆಯಲ್ಲಿ ಎತ್ತಿದಂತೆ ಮೇಲಕ್ಕೆ ಹೋಯಿತು.

"ನಾನು ಮೇಡಂ."

"ನೀನು?"

"ಕಾರ್ಡ್ ನೋಡಿ ಹೇಳಿದೆ. ಆ ಕಾರ್ಡ್ ನಾನೇ ಬರೆದದ್ದು."

ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೆದರಿಕೆಯಲ್ಲಿ ನನ್ನ ಬಾಯಿ ಬ್ರೇಕ್ ಹೋದ ಲಾರಿ. ಅಣ್ಣ, ತಮ್ಮ, ಅಂಗಳದ ನಡುವಿನ ಗೋಡೆ, ದೊಡ್ಡಪ್ಪನ ಕಡೆಯ ನಲ್ಲಿ, ನಮ್ಮಮ್ಮನ ಕೊಡ, ಪಕ್ಕಕ್ಕೆ ಸರಿದ ದೊಡ್ಡಮ್ಮ, ಎಲ್ಲವನ್ನೂ ಕೈ ಅಭಿನಯದ ಸಮೇತ ಇಂಗ್ಲಿಷಿನಲ್ಲಿ ವಿವರಿಸಿದೆ. ಕೊಡಕ್ಕೆ ಇಂಗ್ಲಿಷ್ ಪದ ಹೊಳೆಯದೆ ಗಾಳಿಯಲ್ಲಿ ಅದರ ಹೊಟ್ಟೆ ಬರೆದು ತೋರಿಸಿದೆ. ಅಧಿಕಾರಿಣಿ ಕನ್ನಡಕ ಹಾಕಿಕೊಂಡು ನನ್ನನ್ನು ಇಡಿಯಾಗಿ ನೋಡಿದರು.

"ನೀನು ಲಾ ಓದ್ತಿದೀಯಾ?"

"ಇಲ್ಲ ಮೇಡಂ. ಅಕೌಂಟಿಂಗ್."

"ದೇವರು ದೊಡ್ಡವನು," ಎಂದರು. ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡರು. "ಪಟ್ಟಿಯಲ್ಲಿ ಇದ್ದದ್ದನ್ನೇ ಬರಿ. ನಿನ್ನ ಮನೆ ನಲ್ಲಿ ಇಲ್ಲಿಗೆ ತರಬೇಡ." ಬಾಗಿಲು ಮುಚ್ಚಿಕೊಂಡಿತು.

ಹೆಸರು ಬರೆದುಕೊಂಡರು! ತಕ್ಷಣ ಅಂಕಲ್‌ಗೆ ಫೋನ್. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಸಿಕ್ಕಾಗ, "ಅಂಕಲ್, ಹೆಸರು ಬರ್ಕೊಂಡ್ರು!" ಎಂದೆ. "ನಾ ಇಲಾಖೆದವ್ರ ಕೂಡ ಮಾತಾಡಾಕತ್ತೇನಿ, ಲೈನ್ ಬಿಡೋ!" ಎಂದು ಕೂಗಿ ಇಟ್ಟರು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿದೆ, ಹೆಸರಿನ ಸ್ಪೆಲಿಂಗ್ ತಪ್ಪಾಗಿ ಬರೆದುಕೊಂಡಿದ್ದರೆ ನನಗೆ ಅನುಕೂಲವೋ ಅನಾನುಕೂಲವೋ ಎಂದು ಕೇಳಲು.

ತಿರುಗಿ ನೋಡಿದರೆ ಟೈಲರಮ್ಮ ಎದ್ದು, ನನ್ನಿಂದ ಎರಡು ಕುರ್ಚಿ ಆಚೆ ಹೋಗಿ ಕೂತಿದ್ದರು. ಮಡಿಲಲ್ಲಿದ್ದ ಚೀಲದ ಅಂಚಿನ ಹೊಲಿಗೆಯನ್ನು ಬೆರಳಿನಿಂದ ತೀಡುತ್ತಾ ಬೋರ್ಡು ನೋಡುತ್ತಿದ್ದರು. ಬೋರ್ಡಿನಲ್ಲಿ ನ್ಯೂಜಿಲೆಂಡ್ ವಿಮಾನದ ಮುಂದೆ ಬೋರ್ಡಿಂಗ್ ಎಂದು ಬಂತು. ಆಮೇಲೆ ಕೊನೆಯ ಕರೆ. ಆಮೇಲೆ ಆ ಸಾಲೇ ಮಾಯವಾಯಿತು. ಟೈಲರಮ್ಮನ ಬೆರಳು ನಿಂತುಹೋಯಿತು. ಆ ಕ್ಷಣ ನನಗೂ ಫೋನ್ ಮಾಡಲು ಏನೂ ಹೊಳೆಯಲಿಲ್ಲ.

ಮಧ್ಯಾಹ್ನವಾದ ಮೇಲೆ ಅದೇ ಅಧಿಕಾರಿಣಿ ಹೊರಗೆ ಬಂದರು. ಮೆಲ್ಬರ್ನಿನಿಂದ ಟಿಕೆಟಿನ ವಿವರವೂ, ನ್ಯೂಜಿಲೆಂಡಿನ ಆಸ್ಪತ್ರೆಯಿಂದ ಮಗಳ ಪತ್ರವೂ ಫ್ಯಾಕ್ಸಿನಲ್ಲಿ ಬಂದಿವೆ. ಇದೊಂದು ಸಲ ಇಲ್ಲೇ ಅನುಮತಿ ಕೊಟ್ಟು, ಸಂಜೆಯ ವಿಮಾನದಲ್ಲಿ ಕಳಿಸುತ್ತೇವೆ ಎಂದರು. ಕಾಣಲು ಬಿಡುವಂತಿಲ್ಲ, ಬೇಕಾದರೆ ಫೋನಿನಲ್ಲಿ ಮಾತಾಡಿ ಎಂದು ಟೈಲರಮ್ಮನನ್ನು ಕಿಟಕಿಯ ಬಳಿ ಕರೆದೊಯ್ದರು. ಟೈಲರಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಭಾಷೆಯಲ್ಲಿ ಮಾತಾಡಿದರು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಕೊನೆಗೆ ಬರೀ ಹೂಂಗುಟ್ಟುತ್ತಾ. ನನಗೆ ಅರ್ಥವಾದದ್ದು ಸಿಡ್ನಿ ಎಂಬ ಒಂದೇ ಪದ.

ಬಂದು ಈ ಸಲ ಪಕ್ಕದ ಕುರ್ಚಿಯಲ್ಲೇ ಕೂತರು.

"ಜೊತೆಗೆ ಯಾರು ಬಂದಿದ್ದಾರೆ ಅಂತ ಅಮ್ಮ ಕೇಳಿದರು. ಪಕ್ಕದ ಅಂಗಡಿ ಹುಡುಗ ಅಂದೆ."

"ತಪ್ಪು ನನ್ದು ಅಂತ ಹೇಳಿದ್ರಾ?"

"ಇಲ್ಲ. ಅವರು ಇನ್ನೊಂದು ವಿಮಾನ ಹತ್ತಬೇಕಲ್ಲ. ಏಜೆಂಟರ ಮೇಲೆ ನಂಬಿಕೆ ಇರಲಿ."

ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು. ಕ್ಷಮಿಸಿದ್ದೇನೆ ಎಂದೋ, ಈಗ ಸುಮ್ಮನಿರು ಎಂದೋ ಇವತ್ತಿಗೂ ಗೊತ್ತಾಗಿಲ್ಲ. ಸಂಜೆಯ ವಿಮಾನ ಹೊರಟಿತೆಂದು ಬೋರ್ಡಿನಲ್ಲಿ ಬರುವವರೆಗೆ ಇಬ್ಬರೂ ಅಲ್ಲೇ ಇದ್ದೆವು.

ಅದೇ ವಾರದ ಕೊನೆಯಲ್ಲಿ ಟೈಲರಮ್ಮ ನಮ್ಮ ಆಫೀಸಿನ ಬಾಗಿಲಲ್ಲಿ ತಲೆ ಹಾಕಿ, ಹೆಣ್ಣು ಮಗು, ಅಜ್ಜಿಯ ಕೈಯಲ್ಲೇ ಇದೆ ಎಂದು ಹೇಳಿ ಹೋದರು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಇಲಾಖೆಯಿಂದ ನನಗೆ ಯಾವ ಪತ್ರವೂ ಬಂದಿರಲಿಲ್ಲ. ನಾಯಿ ಬೂಟು ಮೂಸಿದ್ದು, ಗಾಳಿಯಲ್ಲಿ ಕೊಡ ಬರೆದದ್ದು, ಎಲ್ಲವನ್ನೂ ಸೇರಿಸಿ ಅಂಕಲ್ ಮುಂದೆ ಒಂದು ದೊಡ್ಡ ನಾಟಕವನ್ನೇ ಆಡಿ ತೋರಿಸಿದೆ. ಅವರು ಒಂದೆರಡು ಕಡೆ ನಕ್ಕರು ಕೂಡ. ಆಮೇಲೆ ಚಹಾದ ಕಪ್ಪನ್ನು ಕೆಳಗಿಟ್ಟರು.

"ತಪ್ಪು ಎಲ್ಲಾರೂ ಮಾಡ್ತಾರ ತಮ್ಮಾ, ಅದಕ್ಕ ನನಗ ಸಿಟ್ಟಿಲ್ಲ," ಎಂದರು. "ಆದ್ರ ಅವತ್ತ ಮುಂಜಾನಿಂದ ಎಷ್ಟ ಸಲ ಫೋನ್ ಹಚ್ಚಿದಿ ನೀನು. ಪೊಲೀಸ್ ಅಂದಿ, ಪಿಆರ್ ಅಂದಿ, ಲಗೇಜ್ ಅಂದಿ. ಸಕ್ಕರಿ ರೋಗದ ಮುದುಕಿ ಒಳಗ ಒಬ್ಬಾಕೀನ ಕುಂತಿದ್ಲು. ಅಕಿ ಏನರ ತಿಂದ್ಲೇನು ಅಂತ ಒಂದ ಸಲ ಕೇಳಲಿಲ್ಲಲ್ಲೋ."